ನಾಯಿಯ ಜಂತುಹುಳು ಮಾತ್ರೆ: ಮಾತ್ರೆಗೆ ನಾಲ್ಕು ಸ್ಟಾರ್, ಮಾರಿದ ಅಂಗಡಿಗೆ ಒಂದು

ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಮೂರೂ ಸೇರಿರುವ ಮಾತ್ರೆ ಇದು. ಬೇರೆ ಬೇರೆ ಕಂಪನಿಯವರು ಮಾಡುತ್ತಾರೆ, ಹೆಸರು ಏನಾದರೂ ಇರಲಿ, ಸ್ಟ್ರಿಪ್ಪಿನ ಹಿಂದೆ ಈ ಮೂರೂ ಇವೆಯಾ ನೋಡಿ ತಗೊಳ್ಳಿ. ಮೊದಲನೆಯದು ಲಾಡಿಹುಳಕ್ಕೆ, ಉಳಿದೆರಡು ದುಂಡುಹುಳ, ಕೊಕ್ಕೆಹುಳಗಳಿಗೆ.

ನಮ್ಮ ಕಂತ್ರಿ ರಾಜನ ಬಾಲದ ಬುಡದಲ್ಲಿ, ಅವನು ಮಲಗುವ ಗೋಣಿಚೀಲದ ಮೇಲೆ ಅಕ್ಕಿಕಾಳಿನಂಥದ್ದು ಅಂಟಿಕೊಂಡಿರುತ್ತಿತ್ತು. ಹಸಿ ಇದ್ದಾಗ ಮಿಸುಕಾಡುತ್ತಲೂ ಇತ್ತು. ಲಾಡಿಹುಳದ ತುಂಡುಗಳವು. ಮಾತ್ರೆ ಹಾಕಿದ ಮೇಲೆ ಕಾಣಲಿಲ್ಲ. ಬೆಲ್ಲದಲ್ಲಿಟ್ಟು ಕೊಟ್ಟರೆ ಬೆಲ್ಲ ನೆಕ್ಕಿ ಮಾತ್ರೆ ಉಗಿಯುತ್ತಾನೆ, ಅಷ್ಟು ಕಹಿ. ರಾಗಿಮುದ್ದೆಯ ತುತ್ತಿನೊಳಗೆ ಇಟ್ಟರೆ ಮಾತ್ರ ಅಗಿಯದೆ ನುಂಗುತ್ತಾನೆ, ಅವನೂ ಮಂಡ್ಯದವನೇ ಅಲ್ವಾ!

ಅಂಗಡಿಯವನ ಕಥೆ ಬೇರೆ. "ನಾಯಿ ಎಷ್ಟು ದೊಡ್ಡದು ಸಾರ್?" ಅಂದ, ಕೈಯಲ್ಲಿ ಎತ್ತರ ತೋರಿಸಿದೆ, ಸ್ಟ್ರಿಪ್ಪಿನಿಂದ ಒಂದು ಮಾತ್ರೆ ಕತ್ತರಿಸಿ ಕೈಗಿಟ್ಟ. ಲೆಕ್ಕ 10 ಕೆಜಿಗೆ ಒಂದು, ನಮ್ಮವನು 18 ಕೆಜಿ, ಎರಡು ಬೇಕು. ಕತ್ತರಿಸಿದ ತುಂಡಿನಲ್ಲಿ ಎಕ್ಸ್‌ಪೈರಿ ತಾರೀಖೂ ಇರಲಿಲ್ಲ. ಮತ್ತೆ ಯಾವಾಗ ಹಾಕಬೇಕು ಅಂದರೆ "ಹುಳ ಕಂಡರೆ ಬನ್ನಿ" ಅಂತಾನೆ. ಹುಳ ಕಾಣುವವರೆಗೆ ಕಾಯುವ ವಿಷಯವಾ ಇದು? ದುಂಡುಹುಳದ ಮೊಟ್ಟೆ ಕಣ್ಣಿಗೇ ಕಾಣಲ್ಲ. ಕಕ್ಕದ ಜೊತೆ ಬಿದ್ದು, ಎರಡು ಮೂರು ವಾರ ಮಣ್ಣಲ್ಲಿ ಬಲಿತು, ಆ ಮಣ್ಣು ಮೆತ್ತಿದ ಕೈಯನ್ನು ಮಗು ಬಾಯಿಗಿಟ್ಟರೆ ಮರಿಹುಳ ಪಿತ್ತಜನಕಾಂಗಕ್ಕೆ, ಶ್ವಾಸಕೋಶಕ್ಕೆ, ಕೆಲವೊಮ್ಮೆ ಕಣ್ಣಿಗೂ ಹೋಗುತ್ತದೆ, ದೃಷ್ಟಿ ಕಳೆದುಕೊಂಡ ಮಕ್ಕಳೂ ಇದ್ದಾರೆ. ಅದಕ್ಕೇ ಕಕ್ಕವನ್ನು ಅವತ್ತವತ್ತೇ ಎತ್ತಿ ಹಾಕಬೇಕು. ಕೊಕ್ಕೆಹುಳದ ಮರಿಯಂತೂ ಬರಿಗಾಲಿನ ಚರ್ಮದಲ್ಲೇ ಹೊಕ್ಕು ಅಂಕುಡೊಂಕಾದ ಕೆಂಪು ಗೆರೆ ಎಳೆಯುತ್ತದೆ, ವಿಪರೀತ ತುರಿಕೆ.

ಇನ್ನೊಂದು. ಈ ಮಾತ್ರೆ ಇವತ್ತು ಹೊಟ್ಟೆಯಲ್ಲಿರೋದನ್ನು ಕೊಲ್ಲುತ್ತದೆ ಅಷ್ಟೇ, ನಾಳೆ ಬರೋದನ್ನು ತಡೆಯಲ್ಲ. ಬೆಳೆದ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಹಾಕಿಸುತ್ತಾರೆ. ಅಕ್ಕಿಕಾಳಿನ ಲಾಡಿಹುಳ ಬರೋದು ಚಿಗಟದಿಂದ. ಮೈ ಕಚ್ಚಿಕೊಳ್ಳುವಾಗ ನಾಯಿ ಚಿಗಟ ನುಂಗಿದರೆ ಮತ್ತೆ ಶುರು. ಚಿಗಟಕ್ಕೆ ಮದ್ದು ಮಾಡದೆ ಬರೀ ಮಾತ್ರೆ ಹಾಕುವುದು ಸುಮ್ನೆ ದುಡ್ಡು ದಂಡ.

"ನಮ್ಮ ಮರಿ ಹೊರಗೇ ಹೋಗಲ್ಲ, ಹುಳ ಎಲ್ಲಿಂದ?" ಅನ್ನುವವರು ಜಾಸ್ತಿ. ತಾಯಿಯ ಹೊಟ್ಟೆಯಲ್ಲೇ ಬರುತ್ತದೆ, ಹಾಲಿನಲ್ಲೂ ಬರುತ್ತದೆ. ಮರಿಗೆ ಎರಡು ವಾರ ಆದಾಗಿನಿಂದಲೇ ಔಷಧಿ ಶುರು ಮಾಡಬೇಕು, ಅದಕ್ಕೆ ಸಿರಪ್ ಬೇರೆ ಬರುತ್ತದೆ, ಪಶು ಆಸ್ಪತ್ರೆಯಲ್ಲಿ ಕೇಳಿ. ಗಬ್ಬದ ನಾಯಿಗೂ ಡಾಕ್ಟರನ್ನು ಕೇಳದೆ ಹಾಕಬೇಡಿ.

ತೂಕ ಗೊತ್ತಿಲ್ಲದಿದ್ದರೆ ನಾಯಿಯನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಅಂಗಡಿಗೆ ಅದನ್ನು ಬರೆದುಕೊಂಡೇ ಹೋಗಿ, ಇಡೀ ಸ್ಟ್ರಿಪ್ ಕೇಳಿ. ಮಾತ್ರೆಗೆ ಒಂದು ಸ್ಟಾರ್ ಕಮ್ಮಿ ಕೊಟ್ಟಿದ್ದು ಕಹಿಗೆ.