ಸೀರೀಸ್ 3 ಪ್ಲಸ್: ಸರ್ಜ್ ಕಾಯಲು ಒಳ್ಳೆಯ ಆಳು, ಆದರೆ ವಾಲ್ವ್ ಕೈಕೊಡಬಾರದು

ಸೆಂಟ್ರಿಫ್ಯೂಗಲ್ ಕಂಪ್ರೆಸರ್‌ಗೆ ಸಾಮಾನ್ಯ ಪಿಐಡಿ ಲೂಪ್ (ಅಳತೆ ನೋಡಿ ವಾಲ್ವ್ ಹೊಂದಿಸುವ ಮಾಮೂಲಿ ಸ್ವಯಂ ನಿಯಂತ್ರಣ) ಹಾಕಿ, ಸರ್ಜ್ (ಹರಿವು ತೀರಾ ಇಳಿದಾಗ ಒತ್ತಿದ ಅನಿಲ ಹಿಂದಕ್ಕೆ ನುಗ್ಗುವುದು) ತಡೆಯಲು ಅಷ್ಟೇ ಸಾಕು ಎಂದು ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸರ್ಜ್ ಶುರುವಾದಾಗ ಒಳಗಿನ ಅನಿಲ ಹಿಂದಕ್ಕೆ ತಿರುಗಲು 50 ಮಿಲಿಸೆಕೆಂಡು ಸಾಕು. ಆಮೇಲೆ ಸೆಕೆಂಡಿಗೊಮ್ಮೆಯೋ ಎರಡು ಸೆಕೆಂಡಿಗೊಮ್ಮೆಯೋ ಅದೇ ಹೊಡೆತ. ಒಂದೊಂದು ಹೊಡೆತಕ್ಕೂ ರೋಟರ್ ಹಿಂದೆ ಮುಂದೆ ಜಗ್ಗುತ್ತದೆ, ಆ ಜಗ್ಗಾಟ ತಡೆಯುವ ಥ್ರಸ್ಟ್ ಬೇರಿಂಗ್ ನಲುಗುತ್ತದೆ, ಅನಿಲ ಸೋರದಂತೆ ತಡೆಯುವ ಲ್ಯಾಬಿರಿಂತ್ ಸೀಲ್‌ನ ಹಲ್ಲುಗಳು ಸವೆಯುತ್ತವೆ.

ನಮ್ಮ ಘಟಕದಲ್ಲಿ ಈ ಕಾವಲಿಗೆ ಇರುವುದು ಕಂಪ್ರೆಸರ್ ಕಂಟ್ರೋಲ್ಸ್ ಕಾರ್ಪೊರೇಷನ್ನಿನ ಸೀರೀಸ್ 3 ಪ್ಲಸ್ ಕಂಟ್ರೋಲರ್. 1974ರಲ್ಲಿ ಅಮೆರಿಕದ ಐಯೊವಾದಲ್ಲಿ ಹುಟ್ಟಿದ ಕಂಪನಿ ಇದು. ಮಾದರಿ ಹಳೆಯದು, ಆದರೂ ಇನ್‌ಸ್ಟ್ರುಮೆಂಟ್ ವಿಭಾಗದವನಾಗಿ ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ.

ಮೊದಲ ಕಾರಣ, ಮುಂಭಾಗದಲ್ಲಿ ಕಾಣುವ ‘ಡೆವ್’ ಅಂಕಿ. ಕಂಪ್ರೆಸರ್ ಸರ್ಜ್ ನಿಯಂತ್ರಣದ ಗೆರೆಯಿಂದ (ಸರ್ಜ್ ಮಿತಿಗೆ ಮೊದಲೇ ಸ್ವಲ್ಪ ಅಂತರ ಬಿಟ್ಟು ಎಳೆದ ಗೆರೆ) ಎಷ್ಟು ದೂರವಿದೆ ಎಂಬುದನ್ನು ಅದು ತೋರಿಸುತ್ತದೆ. ಸೊನ್ನೆಗಿಂತ ಮೇಲಿದ್ದರೆ ನಿಶ್ಚಿಂತೆ. ರಾತ್ರಿ ಪಾಳಿಯ ಆಪರೇಟರ್ ಕಂಪ್ರೆಸರ್ ಮ್ಯಾಪ್ (ಹರಿವು, ಒತ್ತಡಗಳ ನಕ್ಷೆ) ಬಿಡಿಸಿಕೊಂಡು ಕೂರಬೇಕಾಗಿಲ್ಲ.

ಎರಡನೆಯದು ಇದರ ಜಾಣತನ. ಹರಿವು ನಿಧಾನವಾಗಿ ಇಳಿದರೆ ಆಂಟಿಸರ್ಜ್ ವಾಲ್ವನ್ನು, ಅಂದರೆ ಒತ್ತಿದ ಅನಿಲವನ್ನು ಸಕ್ಷನ್ ಕಡೆಗೆ (ಕಂಪ್ರೆಸರ್ ಅನಿಲ ಎಳೆದುಕೊಳ್ಳುವ ಬದಿಗೆ) ಮರಳಿಸುವ ವಾಲ್ವನ್ನು, ಮೆಲ್ಲಗೆ ತೆರೆಯುತ್ತದೆ. ರಭಸವಾಗಿ ಇಳಿದರೆ ಆ ವೇಗವನ್ನೇ ಲೆಕ್ಕಕ್ಕೆ ಹಿಡಿದು ಮೊದಲೇ ತೆರೆಯತೊಡಗುತ್ತದೆ. ಅದಕ್ಕೂ ಬಗ್ಗದೆ ಸರ್ಜ್ ಮಿತಿಗೆ ಇನ್ನೂ ಹತ್ತಿರವಿರುವ ರೀಸೈಕಲ್ ಟ್ರಿಪ್ ಗೆರೆ ಮುಟ್ಟಿದರೆ ವಾಲ್ವನ್ನು ಒಂದೇ ನೆಗೆತಕ್ಕೆ ತೆರೆದು, ಆಮೇಲೆ ತಾಳ್ಮೆಯಿಂದ ಮುಚ್ಚುತ್ತದೆ. ಇಷ್ಟಾಗಿಯೂ ಸರ್ಜ್ ಆಗಿಬಿಟ್ಟರೆ ಅದನ್ನು ಎಣಿಸಿಟ್ಟು, ಸುರಕ್ಷತೆಯ ಅಂತರವನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆ. ಇದರಿಂದ ವಿದ್ಯುತ್ತಿನಲ್ಲೂ ಉಳಿತಾಯವಿದೆ. ನಂಬಿಕೆಯ ಕಾವಲಿದ್ದಾಗ ಭಯಕ್ಕೆ ದೊಡ್ಡ ಅಂತರ ಇಟ್ಟುಕೊಂಡು, ಕಷ್ಟಪಟ್ಟು ಒತ್ತಿದ ಅನಿಲವನ್ನು ದಿನವಿಡೀ ಸಕ್ಷನ್‌ಗೆ ಹಿಂದಿರುಗಿಸುವ ದಂಡ ತಪ್ಪುತ್ತದೆ.

ಮಳೆಗಾಲದಲ್ಲೊಮ್ಮೆ ವಿದ್ಯುತ್ ಕುಸಿದು ಮುಂದಿನ ಘಟಕದ ವಾಲ್ವ್ ತಟ್ಟನೆ ಮುಚ್ಚಿಕೊಂಡಿತು. ನಾನು ಪ್ಯಾನೆಲ್ ಮುಂದೆಯೇ ನಿಂತಿದ್ದೆ. ಡೆವ್ ಜರ್ರನೆ ಇಳಿಯಿತು, ರೀಸೈಕಲ್ ಟ್ರಿಪ್ ದೀಪ ಹೊತ್ತಿತು. ಆಪರೇಟರ್ ಬಟನ್ ಮೇಲೆ ಕೈಯಿಡುವಷ್ಟರಲ್ಲಿ ಆಂಟಿಸರ್ಜ್ ವಾಲ್ವ್ ತೆರೆದಾಗಿತ್ತು. ಸರ್ಜ್ ಎಣಿಕೆ ಇದ್ದಲ್ಲೇ ಇತ್ತು.

ಅದು ಸಾಧ್ಯವಾದದ್ದು ವಾಲ್ವ್ ಸರಿಹೋದ ಮೇಲೆ. ಮೊದಲಿಗೆ ನಮಗೆ ವಾಲ್ವ್ ಕೊಟ್ಟ ಸರಬರಾಜುದಾರರು ಕಾಗದದ ಮೇಲೆ ಎರಡು ಸೆಕೆಂಡು ಎಂದು ಬರೆದು, ಐದು ಸೆಕೆಂಡಾದರೂ ಪೂರ್ತಿ ತೆರೆಯದ ಸರಕು ಕಳಿಸಿದ್ದರು. ಇಂಥ ಬೇಜವಾಬ್ದಾರಿಯನ್ನು ಕ್ಷಮಿಸುವುದು ಕಷ್ಟ. ವಾಲ್ವ್ ನಡೆಸುವ ಗಾಳಿಯನ್ನು ಬೇಗ ನುಗ್ಗಿಸುವ ವಾಲ್ಯೂಮ್ ಬೂಸ್ಟರ್ ಹಾಕಿಸಿ, ಗಾಳಿಯ ಟ್ಯೂಬ್ ದಪ್ಪ ಮಾಡಿಸಿ, ಸ್ಟಾಪ್‌ವಾಚ್ ಹಿಡಿದು ಪರೀಕ್ಷಿಸಿದ ಮೇಲೆಯೇ ನಾವು ಒಪ್ಪಿಕೊಂಡೆವು. ಹರಿವು ಅಳೆಯುವ ಟ್ರಾನ್ಸ್‌ಮಿಟರ್‌ನ ಡ್ಯಾಂಪಿಂಗ್ (ಅಳತೆಯ ಏರಿಳಿತ ನಯಗೊಳಿಸಲು ಇಡುವ ವಿಳಂಬ) ಅನ್ನೂ ಆದಷ್ಟು ಕಡಿಮೆ ಇಡಬೇಕು. ಅಳತೆಯೇ ತಡವಾಗಿ ಬಂದರೆ ಕಂಟ್ರೋಲರ್ ಏನು ತಾನೇ ಮಾಡೀತು?

ನನಗೆ ಹಿಡಿಸದ ಸಂಗತಿಯೂ ಒಂದಿದೆ. ಪ್ಯಾರಾಮೀಟರ್ ಬದಲಿಸಲು ಪೆಟ್ಟಿಗೆಯನ್ನು ಅರ್ಧ ಹೊರಗೆಳೆದು, ಪಕ್ಕದ ಕೀಲಿಗಳಲ್ಲಿ ಕೋಡ್ ಒತ್ತಬೇಕು. ಹೊಸಬರಿಗೆ ಇದು ತಲೆನೋವು. ತರಬೇತಿ ಕೊಡಿಸದೆ ಯಾರನ್ನೂ ಮುಟ್ಟಲು ಬಿಡಬೇಡಿ. ಕಂಪ್ರೆಸರ್ ತಯಾರಕರು ಕೊಡುವ ಸರ್ಜ್ ಕರ್ವ್ (ಸರ್ಜ್ ಎಲ್ಲಿ ಶುರುವಾಗುತ್ತದೆ ಎಂದು ತೋರಿಸುವ ಗೆರೆ) ಅನ್ನು ಕಣ್ಣುಮುಚ್ಚಿ ತುಂಬಿಸಲೂಬೇಡಿ. ಯಂತ್ರ ಚಾಲೂ ಮಾಡುವಾಗ ಸ್ಥಳದಲ್ಲೇ ಸರ್ಜ್ ಪರೀಕ್ಷೆ ನಡೆಸಿ, ಅಲ್ಲಿ ಸಿಕ್ಕ ಬಿಂದುಗಳನ್ನು ಹಾಕಿಸಿ.