371ಜೆ ಬಗ್ಗೆ ಎಲ್ಲಿ ಕೇಳಬೇಕು: ಟಿವಿ, ಸಂಕಿರಣ, ಭಾನುವಾರದ ಮನೆ

ಮಕ್ಕಳು ಕಾಲೇಜು ಸೇರುವ ಹೊತ್ತಿಗೆ ರಾಯಚೂರಿನ ಮನೆಗಳಲ್ಲಿ 371ಜೆ ಮಾತು ಬಂದೇ ಬರುತ್ತದೆ. 2012ರ 98ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ ಕಲಂ ಇದು. ನಮ್ಮ ಕಲ್ಯಾಣ ಕರ್ನಾಟಕ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ನಮ್ಮವರಿಗೆ. ಇದು ನ್ಯಾಯವಾ, ಬರೀ ಸಮಾಧಾನವಾ? ತಿಳಿದವರು ಇದನ್ನು ಎಲ್ಲಿ ಚೆನ್ನಾಗಿ ಮಾತಾಡುತ್ತಾರೆ ಅಂತ ಮೂರು ಕಡೆ ಕೂತು ಕೇಳಿದೆ.

ಟಿವಿ ಚರ್ಚೆ ಒಂದು ವಾರ ನೋಡಿ ಬಿಟ್ಟೆ. ಒಬ್ಬರ ಮಾತು ಮುಗಿಯೋ ಮೊದಲೇ ಇನ್ನೊಬ್ಬರ ದನಿ ಏರುತ್ತಿತ್ತು.

ಊರಿನ ವಿಚಾರ ಸಂಕಿರಣ ಅದಕ್ಕಿಂತ ಎಷ್ಟೋ ಮೇಲು. ಪ್ರಾದೇಶಿಕ ಅಸಮಾನತೆ ಕುರಿತ 2002ರ ನಂಜುಂಡಪ್ಪ ವರದಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿದ್ದು ನನಗೆ ಸರಿಯಾಗಿ ತಿಳಿದದ್ದು ಅಲ್ಲೇ. ಆದರೆ ಮೂರು ಜನ ಮೂರು ಭಾಷಣ ಮಾಡಿದರು. ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡಲೇ ಇಲ್ಲ. ಪ್ರಶ್ನೆಗೆ ಉಳಿದದ್ದು ಹತ್ತು ನಿಮಿಷ. ನನ್ನ ಸರದಿ ಬರಲಿಲ್ಲ, ಬೇಜಾರಾಯಿತು.

ನನಗೆ ಜಾಸ್ತಿ ಹಿಡಿಸಿದ್ದು ಮೂರನೆಯದು, ಭಾನುವಾರ ಗೆಳೆಯರು ಮನೆಯಲ್ಲಿ ಸೇರಿ ವಿಡಿಯೋ ನೋಡಿ ಮಾತಾಡಿದ್ದು. 1971ರಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ಅಮೆರಿಕದ ಭಾಷಾಶಾಸ್ತ್ರಜ್ಞ ನೋಮ್ ಚಾಮ್ಸ್ಕಿ ಮತ್ತು ಫ್ರಾನ್ಸಿನ ತತ್ವಜ್ಞಾನಿ ಮಿಶೆಲ್ ಫುಕೋ ಎದುರುಬದುರು ಕೂತು ಮನುಷ್ಯ ಸ್ವಭಾವ, ನ್ಯಾಯದ ಬಗ್ಗೆ ಮಾತಾಡಿದ ವಿಡಿಯೋ ಇದೆ. ಒಬ್ಬರದು ಇಂಗ್ಲಿಷ್, ಇನ್ನೊಬ್ಬರದು ಫ್ರೆಂಚ್. ಒಬ್ಬನೇ ಇಯರ್‌ಫೋನ್ ಹಾಕಿಕೊಂಡು ಕೇಳಿದಾಗ ಅರ್ಧ ತಲೆಗೆ ಹೋಗಲಿಲ್ಲ. ಆಮೇಲೆ ಭಾನುವಾರ ಗೆಳೆಯನ ಮನೆಯಲ್ಲಿ ಐದು ಜನ ಸೇರಿದೆವು. ಒಗ್ಗರಣೆ, ಮಿರ್ಚಿ ತಟ್ಟೆ ನಡುವೆ ಇಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿದೆವು. ನ್ಯಾಯದ ಹಂಬಲಕ್ಕೆ ಮನುಷ್ಯ ಸ್ವಭಾವದಲ್ಲೇ ಬೇರಿದೆ ಅಂತಾರೆ ಚಾಮ್ಸ್ಕಿ. ನ್ಯಾಯ ಅನ್ನೋ ಕಲ್ಪನೆಯೇ ವರ್ಗಗಳಿರುವ ಸಮಾಜದಲ್ಲಿ ಹುಟ್ಟಿದ್ದು, ಅಧಿಕಾರದ ಆಯುಧ ಅಂತಾರೆ ಫುಕೋ. ಇಬ್ಬರೂ ಒಬ್ಬರ ಮಾತನ್ನು ಒಬ್ಬರು ಪೂರ್ತಿ ಕೇಳುತ್ತಾರೆ. ಅದನ್ನು ನೋಡೋದೇ ಒಂದು ಪಾಠ.

ಹಾಗಾದರೆ 371ಜೆ ಯಾವುದು, ಹಂಬಲವೋ ಆಯುಧವೋ ಅಂತ ನಾವು ವಾದ ಹೂಡಿದಾಗ ಗೆಳೆಯನ ತಾಯಿ ಬಾಗಿಲಲ್ಲಿ ನಿಂತು ಕೇಳಿದರು: "ಸೀಟ್ ಸಿಕ್ತು, ಹಾಸ್ಟೆಲ್ ಸಿಗಲಿಲ್ಲಂದ್ರ ಹುಡುಗಿ ಎಲ್ಲಿರಬೇಕಪ?" ಎಲ್ಲರೂ ಸುಮ್ಮನಾದೆವು. ಆಮೇಲೆ ಶುರುವಾದ ಮಾತು ಕತ್ತಲಾಗುವವರೆಗೆ ನಿಲ್ಲಲಿಲ್ಲ. ಇಂಥ ಪ್ರಶ್ನೆ ಟಿವಿಯಲ್ಲೂ ಬರಲಿಲ್ಲ, ವೇದಿಕೆಯಲ್ಲೂ ಬರಲಿಲ್ಲ ಅಲ್ವಾ?

ಕೊರತೆ ಇಲ್ಲೂ ಇದೆ. ಒಂದು ವಿಡಿಯೋಗೆ ಮೂರು ಭಾನುವಾರ ಹಿಡಿಯಿತು. ಅಂಕಿ-ಅಂಶ ತಪ್ಪಾದರೆ ತಿದ್ದುವವರು ನಮ್ಮಲ್ಲಿ ಯಾರೂ ಇಲ್ಲ. ಅದಕ್ಕೇ ಸಂಕಿರಣದಲ್ಲಿ ವರದಿ ವಿವರಿಸಿದ ಸರ್ ಅವರನ್ನು ಕರೆದಿದ್ದೇವೆ. ಮುಂದಿನ ಭಾನುವಾರ ಬರುತ್ತೇನೆ ಅಂದಿದ್ದಾರೆ. ಹಾಸ್ಟೆಲ್ ಪ್ರಶ್ನೆಯನ್ನೇ ಮೊದಲು ಕೇಳುತ್ತೇವೆ.