ನೀರಿಗೆ ಬಿದ್ದ ಕ್ಯಾಮೆರಾಕ್ಕೆ ಸಿಲಿಕಾ ಜೆಲ್: ಬಳಸಿ ನೋಡಿದ ಮೇಲೆ

ಹೊಳೆ ದಾಟುವಾಗ ಕಾಲು ಜಾರಿ, ಹೆಗಲಿಗೆ ಹಾಕಿಕೊಂಡಿದ್ದ ಡಿಎಸ್‌ಎಲ್‌ಆರ್ ಲೆನ್ಸ್ ಸಮೇತ ನೀರಿನಲ್ಲಿ ಮುಳುಗಿತು. ಮೇಲೆತ್ತಿದ ಕೂಡಲೇ, ಅದು ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಹೋಗದೆ ಬ್ಯಾಟರಿಯನ್ನು ಹೊರತೆಗೆದೆ. ಒದ್ದೆಯಾದ ಸರ್ಕ್ಯೂಟಿನಲ್ಲಿ ವಿದ್ಯುತ್ ಹರಿದರೆ ಶಾರ್ಟ್ ಆಗುವುದಷ್ಟೇ ಅಲ್ಲ, ತಾಮ್ರದ ಗೆರೆಗಳು ನೋಡನೋಡುತ್ತಲೇ ಸವೆಯತೊಡಗುತ್ತವೆ. ಮೆಮೊರಿ ಕಾರ್ಡನ್ನೂ ಲೆನ್ಸನ್ನೂ ಬಿಚ್ಚಿ, ಎಲ್ಲವನ್ನೂ ಒಣ ಬಟ್ಟೆಯಿಂದ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳನ್ನು ಅರ್ಧ ಕಿಲೋದಷ್ಟು ಹಾಕಿ ಇಟ್ಟೆ.

ನಾನು ಬಳಸಿದ್ದು ತೇವ ಹೀರಿದಂತೆ ಕಿತ್ತಳೆಯಿಂದ ಕಡುಹಸಿರಿಗೆ ತಿರುಗುವ ಬಗೆ. ಮರುದಿನ ಬೆಳಿಗ್ಗೆಯೇ ಹರಳುಗಳು ಹಸಿರಾಗಿದ್ದವು. ಒವನ್‌ನಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಿದಾಗ ಮತ್ತೆ ಕಿತ್ತಳೆಗೆ ಮರಳಿದವು. ಇದೇ ಈ ವಸ್ತುವಿನ ದೊಡ್ಡ ಗುಣ: ಒಣಗುವುದು ಇನ್ನೂ ನಡೆಯುತ್ತಿದೆ ಎಂಬುದು ಬಣ್ಣದಿಂದಲೇ ಗೊತ್ತಾಗುತ್ತದೆ, ಒಮ್ಮೆ ಕೊಂಡದ್ದು ಹಲವು ಸಲಕ್ಕೆ ಒದಗುತ್ತದೆ. ಅಕ್ಕಿಯಲ್ಲಿ ಹೂತಿಡಿ ಎಂಬ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಅಕ್ಕಿ ಹೀರುವುದು ಕಡಿಮೆ, ಅದರ ಹಿಟ್ಟು ಮಾತ್ರ ಸಂದುಗೊಂದುಗಳಲ್ಲಿ ಸೇರಿಕೊಳ್ಳುತ್ತದೆ. ಬಿಡಿ ಹರಳುಗಳಿಂದಲೂ ಸಣ್ಣ ಪುಡಿ ಉದುರುವುದರಿಂದ ಅವನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿಡುವುದು ಅಗತ್ಯ; ಪೊಟ್ಟಣದ ಮೇಲೆ ಈ ಎಚ್ಚರಿಕೆ ಇರಲಿಲ್ಲವೆಂಬುದು ನನ್ನ ಆಕ್ಷೇಪ.

ನಾಲ್ಕನೆಯ ದಿನ ಲೆನ್ಸಿನೊಳಗಿನ ಮಂಜು ಹೋಗಿತ್ತು. ಆದರೂ ಕ್ಯಾಮೆರಾಕ್ಕೆ ಬ್ಯಾಟರಿ ಹಾಕಲು ಮನಸ್ಸು ಒಪ್ಪಲಿಲ್ಲ. ಸಿಲಿಕಾ ಜೆಲ್ ಹೀರುವುದು ಡಬ್ಬಿಯ ಗಾಳಿಯಲ್ಲಿರುವ ಆವಿಯನ್ನೇ ಹೊರತು, ನೀರು ಬಿಟ್ಟುಹೋದ ಖನಿಜ ಮತ್ತು ಕೆಸರನ್ನಲ್ಲ. ರಿಪೇರಿ ಮಾಡುವವರು ಬಿಚ್ಚಿ ತೋರಿಸಿದಾಗ, ರಿಬ್ಬನ್ ಕೇಬಲ್ ಸೇರುವ ಜಾಗದಲ್ಲಿ ಬಿಳಿಯ ಪೊರೆ ಕಟ್ಟಿತ್ತು. ಅವರು ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದ ಬಳಿಕವೇ ಕ್ಯಾಮೆರಾ ಚಾಲೂ ಆಯಿತು. ಆ ಕೆಲಸಕ್ಕೆ ನಾವೇ ಕೈಹಾಕುವುದು ಅಪಾಯಕರ, ಏಕೆಂದರೆ ಬ್ಯಾಟರಿ ತೆಗೆದ ಮೇಲೂ ಫ್ಲ್ಯಾಶಿಗಾಗಿ ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು.

ಸಮುದ್ರದ ನೀರಾಗಿದ್ದರೆ ಈ ಡಬ್ಬಿಯನ್ನು ನೆಚ್ಚಿಕೊಳ್ಳಲೇಬಾರದು. ಉಪ್ಪು ಒಣಗಿ ಹರಳುಗಟ್ಟಿದರೆ ಗಾಳಿಯ ತೇವವನ್ನು ಮತ್ತೆ ಮತ್ತೆ ಎಳೆದುಕೊಂಡು ಲೋಹವನ್ನು ತಿನ್ನುತ್ತಲೇ ಇರುತ್ತದೆ. ಆದ್ದರಿಂದ ಒಣಗಿಸುವುದಕ್ಕೆ ಮೊದಲೇ ರಿಪೇರಿಯವರ ಕೈಗೆ ಒಪ್ಪಿಸಬೇಕು.

ಸಿಹಿನೀರಿಗೆ ಬಿದ್ದ ಕ್ಯಾಮೆರಾವನ್ನು ರಿಪೇರಿಗೆ ತಲುಪಿಸುವವರೆಗೆ ಕಾಪಾಡಲು ಇದನ್ನು ಧಾರಾಳವಾಗಿ ಕೊಳ್ಳಬಹುದು. ನನ್ನ ಲೆನ್ಸುಗಳಂತೂ ಈಗ ಸದಾ ಅದೇ ಡಬ್ಬಿಯಲ್ಲಿವೆ. ಬೂಷ್ಟು ಹಿಡಿಯದಂತೆ ಒಳಗಿನ ಆರ್ದ್ರತೆಯನ್ನು ಶೇ. 40ರಿಂದ 50ರ ನಡುವೆ ಇರಿಸಿ, ಅಳೆಯಲು ಒಂದು ಪುಟ್ಟ ಮಾಪಕವನ್ನೂ ಜೊತೆಗಿಟ್ಟಿದ್ದೇನೆ.